ಹುಟ್ಟುವಾಗ ಉಸಿರುಗಟ್ಟಿದ ಮಗು: ಸ್ಟೆಮ್ ಸೆಲ್, ಆಕ್ಸಿಜನ್ ಚೇಂಬರ್‌ನಿಂದ ಮೆದುಳು ಸರಿಹೋಗುತ್ತದೆಯೇ?

“ಹುಟ್ಟಿದಾಗ ಮಗು ಅಳಲಿಲ್ಲ, ಮೆದುಳಿಗೆ ಆಮ್ಲಜನಕ ಸಿಗಲಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಿದ ಮೇಲೆ ಈಗ ನಡೆಯುತ್ತಿದೆ!” ಈ ಧಾಟಿಯ ವಿಡಿಯೊಗಳು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಕೊನೆಯಲ್ಲಿ ಒಂದು ಫೋನ್ ನಂಬರ್, ಲಕ್ಷಗಳ ಪ್ಯಾಕೇಜ್. ಇದರಲ್ಲಿ ನಿಜವೆಷ್ಟು? ನಾವು ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ: ಹಾನಿಯಾದ ಮೆದುಳನ್ನು ತಿಂಗಳು, ವರ್ಷಗಳ ನಂತರ ಮೊದಲಿನಂತೆ ಮಾಡುವ ಯಾವ ಚಿಕಿತ್ಸೆಯೂ ಈವರೆಗೆ ಸಾಬೀತಾಗಿಲ್ಲ.

ಏನಿದು ತೊಂದರೆ?

ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳಬಳ್ಳಿ ಒತ್ತಿಹೋದರೆ, ಮಾಸು ಬೇಗನೆ ಬೇರ್ಪಟ್ಟರೆ ಅಥವಾ ಗರ್ಭಕೋಶ ಹರಿದರೆ ಮಗುವಿನ ಮೆದುಳಿಗೆ ರಕ್ತ, ಆಮ್ಲಜನಕ ಕಡಿಮೆಯಾಗಬಹುದು. ಆಸ್ಪತ್ರೆಯ ಚೀಟಿಯಲ್ಲಿ ಇದನ್ನು ‘ಎಚ್‌ಐಇ’ ಅಥವಾ ‘ಬರ್ತ್ ಆಸ್ಫಿಕ್ಸಿಯಾ’ ಎಂದು ಬರೆದಿರುತ್ತಾರೆ. ಹುಟ್ಟಿದ ಕೂಡಲೇ ಅಳದ ಎಲ್ಲ ಮಕ್ಕಳಿಗೂ ಮೆದುಳಿನ ಹಾನಿ ಆಗಿರುವುದಿಲ್ಲ. ಸೌಮ್ಯ ಹಂತದವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಮಧ್ಯಮ ಮತ್ತು ತೀವ್ರ ಹಂತದಲ್ಲಿ ಸಾವು, ಫಿಟ್ಸ್, ಸೆರೆಬ್ರಲ್ ಪಾಲ್ಸಿಯ ಅಪಾಯವಿದೆ.

ಈ ಹಾನಿ ಎರಡು ಹಂತಗಳಲ್ಲಿ ಆಗುತ್ತದೆ. ಮೊದಲ ಪೆಟ್ಟಿನ ನಂತರ ಕೆಲವು ಗಂಟೆ ಮೆದುಳಿನ ಕೋಶಗಳು ಚೇತರಿಸಿಕೊಂಡಂತೆ ಕಾಣುತ್ತವೆ. ಆಮೇಲೆ ಎರಡನೇ ಅಲೆಯಲ್ಲಿ ಸಾಯತೊಡಗುತ್ತವೆ. ವೈದ್ಯರಿಗೆ ಸಿಗುವ ಅವಕಾಶ ಈ ನಡುವಿನ ಕೆಲವೇ ಗಂಟೆಗಳು.

ಪುರಾವೆ ಇರುವ ಚಿಕಿತ್ಸೆ ಯಾವುದು?

ಒಂದೇ ಒಂದು: ಕೂಲಿಂಗ್. ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ, ಮಗುವಿನ ದೇಹದ ಉಷ್ಣತೆಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಾಗೇ ಇಡುತ್ತಾರೆ. 2013ರ ಕಾಕ್ರೇನ್ ವಿಮರ್ಶೆ 11 ಅಧ್ಯಯನಗಳ 1505 ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಏಳು ಶಿಶುಗಳಿಗೆ ಕೂಲಿಂಗ್ ಮಾಡಿದರೆ ಒಂದು ಮಗು ಸಾವು ಅಥವಾ ತೀವ್ರ ವೈಕಲ್ಯದಿಂದ ಪಾರಾಗುತ್ತದೆ ಎಂಬ ಲೆಕ್ಕ ಸಿಕ್ಕಿತು.

ಆದರೆ ನಮ್ಮ ಭಾಗದ ಫಲಿತಾಂಶ ಬೇರೆಯೇ ಬಂತು. ಬೆಂಗಳೂರೂ ಸೇರಿದಂತೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದ ‘ಹೀಲಿಕ್ಸ್’ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೂಲಿಂಗ್ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 31 ಶಿಶುಗಳು ತೀರಿಕೊಂಡವು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಚಿಕಿತ್ಸೆ ಕೊಡಬಾರದು ಎಂದು ಆ ಸಂಶೋಧಕರು ಬರೆದರು. ಹಾಗಾಗಿ ಯಾವ ಮಗುವಿಗೆ ಕೂಲಿಂಗ್ ಬೇಕು, ಬೇಡ ಎನ್ನುವುದನ್ನು ನವಜಾತ ಶಿಶು ತಜ್ಞರೇ ನಿರ್ಧರಿಸಬೇಕು. ಮನೆಯಲ್ಲಿ ಒದ್ದೆ ಬಟ್ಟೆ, ಐಸ್ ಇಟ್ಟು ಮಗುವನ್ನು ತಣ್ಣಗೆ ಮಾಡಲು ಎಂದಿಗೂ ಹೋಗಬೇಡಿ. ಅದು ಪ್ರಾಣಕ್ಕೇ ಅಪಾಯ.

ಔಷಧಗಳ ಕಥೆ? ಎರಿಥ್ರೊಪೊಯೆಟಿನ್ ಎಂಬ ಇಂಜೆಕ್ಷನ್ ಮೇಲೆ ದೊಡ್ಡ ಭರವಸೆಯಿತ್ತು. ಅಮೆರಿಕದಲ್ಲಿ 500 ಶಿಶುಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಲಿಂಗ್ ಜೊತೆಗೆ ಅದನ್ನು ಕೊಟ್ಟರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಸ್ಟೆಮ್ ಸೆಲ್?

ಸಂಶೋಧನೆ ನಡೆಯುತ್ತಿರುವುದು ನಿಜ. ಆದರೆ ಸಂಶೋಧನೆ ಬೇರೆ, ಮಾರಾಟ ಬೇರೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್‌ಗಳನ್ನು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಬಳಸಬಹುದು. ಟ್ರಯಲ್‌ನಲ್ಲಿ ಪ್ರಯೋಗದ ಖರ್ಚನ್ನು ಪಾಲ್ಗೊಂಡವರ ಮೇಲೆ ಹಾಕುವಂತಿಲ್ಲ. ಅಂದರೆ ಯಾರಾದರೂ “ಟ್ರಯಲ್ ನಡೀತಿದೆ, ಇಷ್ಟು ಲಕ್ಷ ಕಟ್ಟಿ” ಎಂದರೆ ಅಲ್ಲೇ ಎಚ್ಚರವಾಗಿ.

ಆಕ್ಸಿಜನ್ ಚೇಂಬರ್?

ಆಮ್ಲಜನಕ ಕೊರತೆಯಿಂದ ಆದ ಹಾನಿಗೆ ಆಮ್ಲಜನಕವೇ ಮದ್ದು ಎನ್ನುವುದು ಕೇಳಲು ಸರಿ ಎನಿಸುತ್ತದೆ. ಆದರೆ ಸತ್ತ ಕೋಶಗಳಿಗೆ ಈಗ ಆಮ್ಲಜನಕ ಕೊಟ್ಟರೆ ಅವು ಮರಳಿ ಬರುವುದಿಲ್ಲ. ಹೈಪರ್‌ಬಾರಿಕ್ ಚೇಂಬರ್ ಸೆರೆಬ್ರಲ್ ಪಾಲ್ಸಿಗೆ ಸಾಬೀತಾದ ಚಿಕಿತ್ಸೆಯಲ್ಲ ಎಂದು ಅಮೆರಿಕದ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ. ಅಪಾಯವೂ ಇದೆ: 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇಂಥ ಚೇಂಬರ್ ಸ್ಫೋಟಿಸಿ ಐದು ವರ್ಷದ ಬಾಲಕ ಸತ್ತ.

ಹಾಗಾದರೆ ವಿಡಿಯೊದ ಮಗು ನಡೆದದ್ದು ಸುಳ್ಳೇ?

ಸುಳ್ಳಾಗಬೇಕಿಲ್ಲ. 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೇ ಇದಕ್ಕೆ ಉತ್ತರ. ಸೆರೆಬ್ರಲ್ ಪಾಲ್ಸಿಯ 111 ಮಕ್ಕಳಲ್ಲಿ ಒಂದು ಗುಂಪಿಗೆ ಚೇಂಬರ್‌ನಲ್ಲಿ ಶುದ್ಧ ಆಮ್ಲಜನಕ, ಇನ್ನೊಂದು ಗುಂಪಿಗೆ ತುಸು ಒತ್ತಡದ ಸಾಮಾನ್ಯ ಗಾಳಿ ಕೊಟ್ಟರು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಅದೂ ಸರಿಸುಮಾರು ಒಂದೇ ಪ್ರಮಾಣದಲ್ಲಿ! ಮಕ್ಕಳು ಬೆಳೆಯುತ್ತಾ ಕಲಿಯುತ್ತಾರೆ. ಫಿಸಿಯೋಥೆರಪಿ, ಮನೆಯವರ ಆರೈಕೆ ಕೂಡ ಕೆಲಸ ಮಾಡುತ್ತವೆ. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ ಆ ಶ್ರೇಯಸ್ಸೆಲ್ಲ ಪ್ಯಾಕೇಜ್‌ಗೆ ಹೋಗಿಬಿಡುತ್ತದೆ.

ಪೋಷಕರು ಏನು ಮಾಡಬಹುದು?

• ಹೆರಿಗೆಯನ್ನು ನವಜಾತ ಶಿಶುವಿಗೆ ಉಸಿರು ಕೊಡಿಸಲು ತರಬೇತಿ ಪಡೆದ ಸಿಬ್ಬಂದಿ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಮೊದಲ ಒಂದು ನಿಮಿಷ ಬಹಳ ಮುಖ್ಯ.
• ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ ಉಚಿತ.
• ಎನ್‌ಐಸಿಯುನಿಂದ ಮನೆಗೆ ಬಂದ ಮೇಲೂ ಮಗುವಿನ ಬೆಳವಣಿಗೆ, ಕಣ್ಣು, ಕಿವಿಯ ತಪಾಸಣೆ ತಪ್ಪಿಸಬೇಡಿ. ಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಿಇಐಸಿ ಕೇಂದ್ರದ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.
• ಸೆರೆಬ್ರಲ್ ಪಾಲ್ಸಿ ಇರುವವರಿಗೆ ‘ನಿರಾಮಯ’ ವಿಮೆಯಲ್ಲಿ ಥೆರಪಿಗೂ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ.

ಇಂಥ ವಿಡಿಯೊ ಮುಂದಿನ ಸಲ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಯೋಚಿಸಿ. ಅದನ್ನು ನಂಬಿ ಯಾರೋ ತಂದೆ-ತಾಯಿ ಹೊಲ, ಒಡವೆ ಮಾರಬಹುದು. ಅದೇ ಹಣ ಮಗುವಿನ ವರ್ಷಗಟ್ಟಲೆಯ ಥೆರಪಿಗೆ ಬೇಕಾಗಿರುತ್ತದೆ.