ಕೂಣಿಗೆ ಬೇಡವಾದ ಮೀನು

ಉಡುತಡಿ ಸೀಮೆಯ ಚರಿತ್ರೆಯನ್ನು ಅಕ್ಕಮಹಾದೇವಿಯಿಂದಲೋ ಬಳ್ಳಿಗಾವಿಯ ದೇಗುಲಗಳಿಂದಲೋ ತೊಡಗುವುದು ವಾಡಿಕೆ. ಕೆರೆಯಿಂದ ತೊಡಗಿದರೂ ತಪ್ಪಿಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಕಂಬಕ್ಕೆ ಕವಿ ಕುಬ್ಜ 5ನೇ ಶತಮಾನದಲ್ಲಿ ರಚಿಸಿದ ಶಾಸನವನ್ನು ಕದಂಬರ ವಂಶಕಥೆಗಾಗಿ ಓದುತ್ತೇವೆ, ನಿಜ. ಆದರೆ ಅದು ಹೇಳಹೊರಟಿದ್ದು ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು. ಮುಂದೆ 12ನೇ ಶತಮಾನದಲ್ಲಿ ಈ ನಾಡು ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದಾಗ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೂ ಜಾಗ ಕೊಟ್ಟ: ಮೀನಿನ ಬಗೆಗಳು, ಅವಕ್ಕೆ ಹಾಕುವ ಉಂಡೆ, ಗಾಳದ ಕ್ರಮ. ಅರಸನ ಆ ವಿನೋದವೂ ಇಂದಿನ ಗಾಜಿನ ತೊಟ್ಟಿಯೂ ಒಂದೇ ಜಾತಿಯವು. ಎರಡರಲ್ಲೂ ಮೀನು ಒಬ್ಬನ ಖುಷಿಗೆ. ಊರಿನ ಪದ್ಧತಿ ಬೇರೆಯೇ ಇತ್ತು.

ಆ ಪದ್ಧತಿಯೇ ಕೆರೆಬೇಟೆ. ಸೊರಬ, ಶಿಕಾರಿಪುರ, ಸಾಗರದ ಕಡೆ ಬೇಸಿಗೆಯಲ್ಲಿ ಕೆರೆಯ ನೀರು ಮೊಣಕಾಲಿಗೆ ಇಳಿದಾಗ ಊರಿನವರು ದಿನ ಗೊತ್ತುಮಾಡಿ, ಸುತ್ತಲ ಹಳ್ಳಿಗಳಿಗೆ ಹೇಳಿಕಳಿಸಿ, ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತಾರೆ. ಕೂಣಿಯ ಅಗಲದ ಬಾಯನ್ನು ಕೆಸರಿಗೆ ಒತ್ತಿ, ಮೇಲಿನ ಕಿರಿಬಾಯಲ್ಲಿ ಕೈಬಿಟ್ಟು ಸಿಕ್ಕಿದ್ದನ್ನು ಎತ್ತುವುದು. ಇದನ್ನು ಬರೀ ಮೋಜೆಂದು ನೋಡಿದವರು ಅದರ ಒಳಗಿನ ಲೆಕ್ಕವನ್ನು ಕಂಡಿಲ್ಲ. ವರ್ಷವಿಡೀ ಬೆಳೆದದ್ದು ಒಂದೇ ದಿನ ಹೊರಬಂದು ಮನೆಮನೆಗೆ ಹಂಚಿಹೋಗುತ್ತದೆ. ಮುಂಗಾರಿನ ಮೊದಲ ಮಳೆಗೆ ಹಳ್ಳಕೊಳ್ಳದಿಂದ ಮೇಲೇರುವ ಹತ್ತುಮೀನು ಖಾಲಿಯಾದ ಕೆರೆಯನ್ನು ಮತ್ತೆ ತುಂಬಿಸುತ್ತದೆ. ಬೇಸಿಗೆ ಬರಿದುಮಾಡಬೇಕು, ಊರು ಉಣ್ಣಬೇಕು, ಮಳೆ ತುಂಬಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೂಡುವುದಿಲ್ಲ.

ಅಂಗಡಿಯವರು ಸಕ್ಕರ್ ಎಂದು ಮಾರುವ ದಕ್ಷಿಣ ಅಮೆರಿಕದ ಮೀನು ಮೂರನ್ನೂ ತಪ್ಪಿಸಬಲ್ಲದು. ಗಾಜಿಗೆ ಅಂಟಿದ ಪಾಚಿ ತಿನ್ನುತ್ತದೆಂದು ಬೆರಳುದ್ದದ ಮರಿ ತರುತ್ತಾರೆ. ಚೆನ್ನಾಗಿ ಸಾಕಿದರೆ ಅದು ಒಂದೂವರೆ ಅಡಿಯವರೆಗೆ ಬೆಳೆದು ಹತ್ತು ವರ್ಷ ಮೀರಿ ಬಾಳುತ್ತದೆ; ಪಾಚಿ ಸಾಲದೆ ಸೌತೆ, ಸೊಪ್ಪು, ಕೆರೆಯಲು ಮರದ ತುಂಡು ಕೇಳುತ್ತದೆ; ತೊಟ್ಟಿ ಶುಚಿಮಾಡಲು ಬಂದದ್ದೇ ಹೆಚ್ಚು ಹೊಲಸು ಮಾಡುತ್ತದೆ. ನಾಲ್ಕೈದು ಅಡಿಯ ತೊಟ್ಟಿ ಇಡಲಾಗದವರು, ಕೊಲ್ಲಲೂ ಮನಸ್ಸಿಲ್ಲದವರು, ಕೆರೆಗೆ ಬಿಡುತ್ತಾರೆ. ಇದನ್ನು ಉಡಾಫೆ ಎನ್ನಲಾರೆ. ಮೀನಿನ ಮನೆ ಕೆರೆ ಎಂಬ ಹಳೆಯ ತಿಳಿವಳಿಕೆಯೇ ಇಲ್ಲಿ ದಯೆಯ ರೂಪ ತಾಳಿದೆ. ಕೇರಳದ ಜಲಮೂಲಗಳಲ್ಲಿ, ಕೋಲ್ಕತ್ತದ ಪೂರ್ವದ ಜೌಗುಕೆರೆಗಳಲ್ಲಿ ಹೀಗೆ ಹೊರಬಿದ್ದ ಸಂತತಿ ಈಗ ತಾನಾಗಿಯೇ ಬೆಳೆಯುತ್ತಿದೆ.

ಕೆರೆ ಎಂದೋ ಕೆಟ್ಟಿದೆ, ಕಾಟ್ಲಾ, ರೋಹು, ತಿಲಾಪಿಯಾ ಎಲ್ಲ ಹೊರಗಿನವೇ, ಇದೊಂದಕ್ಕೇ ಯಾಕೆ ತಕರಾರು ಎನ್ನಬಹುದು. ತಿಲಾಪಿಯಾದ ಮಟ್ಟಿಗೆ ಆ ಮಾತು ಸರಿ. 1952ರಲ್ಲಿ ದೇಶಕ್ಕೆ ತಂದ ಅದು ನಿಂತ ನೀರಲ್ಲೇ ಮರಿಮಾಡಿ ಕೆರೆಗಳನ್ನು ತುಂಬಿತು. ಕಾಟ್ಲಾ, ರೋಹು ಹಾಗಲ್ಲ. ಹರಿಯುವ ನೀರಿಲ್ಲದೆ ಅವು ಮೊಟ್ಟೆಯಿಡವು. ಪ್ರತಿ ಸಲ ಮರಿ ತಂದು ಬಿಡಬೇಕು, ಬಲೆ ಎಳೆದರೆ ಮುಗಿಯಿತು. ಸಕ್ಕರ್ ದಡದ ಮಣ್ಣನ್ನೇ ಕೊರೆದು ಬಿಲದಲ್ಲಿ ಮೊಟ್ಟೆಯಿಡುತ್ತದೆ. ಮಣ್ಣಿನ ಏರಿಯನ್ನೇ ನಂಬಿ ಗದ್ದೆ ಮಾಡಿದ ಸೀಮೆಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಮುರುಗೋಡು ಮೀನೂ ಗಾಳಿ ಉಸಿರಾಡಿ ಕೆಸರಲ್ಲಿ ಬದುಕುತ್ತದಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಬದುಕುತ್ತದೆ, ಆದರೆ ಅದು ಸಿಕ್ಕರೆ ಬಿಡುವವರಿಲ್ಲ. ಸಕ್ಕರ್ ಕೂಡ ಹೊಟ್ಟೆಯ ಮೂಲಕ ಗಾಳಿ ಹೀರಿ ಒದ್ದೆ ಬಿಲದಲ್ಲಿ ಗಂಟೆಗಟ್ಟಲೆ ತಡೆಯುತ್ತದೆ, ಆದರೆ ಮೈಮೇಲೆ ಎಲುಬಿನ ಹಲಗೆ, ರೆಕ್ಕೆಯಲ್ಲಿ ಗಡಸು ಮುಳ್ಳು. ಅಮೆಜಾನ್ ತೀರದವರು ಅದನ್ನು ಸುಟ್ಟು ತಿನ್ನುತ್ತಾರೆ, ಒಣಗಿಸಿ ಹಿಟ್ಟೂ ಮಾಡುತ್ತಾರೆ. ನಾವೂ ಕಲಿಯಬಾರದೇಕೆ ಎಂದರೆ, ಕಲಿಯಬಾರದೆಂದೇನಿಲ್ಲ. ಆದರೆ ನಾಲಗೆಯ ರುಚಿ ಒಂದು ಬೇಸಿಗೆಯಲ್ಲಿ ಬದಲಾಗದು. ಅಲ್ಲಿಯವರೆಗೆ ಕೂಣಿಯೊಳಗೆ ಕೈಬಿಟ್ಟವನು ಅದನ್ನು ಮುಟ್ಟಿದೊಡನೆ ಬಿಟ್ಟು ಮುಂದಿನ ಕೆಸರಿಗೆ ಹೋಗುತ್ತಾನೆ. ಬೇಟೆ ಮುಗಿದಾಗ ಕೆರೆಯಲ್ಲಿ ಉಳಿಯುವುದು ಅದೇ, ಹತ್ತುಮೀನು ಬರುವ ಹೊತ್ತಿಗೆ ಜಾಗ ಹಿಡಿದಿರುವುದೂ ಅದೇ.