ಪಲ್ಟಾ, ಪ್ರಸ್ತಾರ, ಲೂಪ್: ಮಿರಜಿನ ಗಾಯನ ಪರಂಪರೆಯ ಹಿನ್ನೆಲೆಯಲ್ಲಿ

ಶಾರ್ಙ್ಗದೇವನ 'ಸಂಗೀತರತ್ನಾಕರ'ದ (13ನೆಯ ಶತಮಾನ) ಸ್ವರಪ್ರಸ್ತಾರವನ್ನು, ಅಂದರೆ ಸ್ವರಗಳ ಎಲ್ಲ ಜೋಡಣೆಗಳನ್ನು ಕ್ರಮವಾಗಿ ಬರೆಯುವ ವಿಧಾನವನ್ನು, ರಾಜಾ ಶ್ರೀಧರನ್, ಆರ್. ಶ್ರೀಧರನ್ ಮತ್ತು ಎಂ.ಡಿ. ಶ್ರೀನಿವಾಸ್ 2010ರಲ್ಲಿ ಗಣಿತದ ದೃಷ್ಟಿಯಿಂದ ವಿವರಿಸಿದ್ದಾರೆ. ಏಳು ಸ್ವರಗಳಿಗೆ 5040 ಜೋಡಣೆಗಳೆಂಬ ಲೆಕ್ಕದಲ್ಲಿ ತಕರಾರಿಲ್ಲ. ತಕರಾರಿರುವುದು, ಕಿರಾನಾ ಘರಾಣೆಯೊಂದಿಗೆ ತಳುಕು ಹಾಕಲಾಗುವ ಮೇರುಖಂಡವನ್ನು, ಅಂದರೆ ಇಂಥ ಜೋಡಣೆಗಳ ಅಭ್ಯಾಸವನ್ನು, 'ಪಟ್ಟಿಯ ಮೇಲೆ ಓಡುವ ಲೂಪ್' ಎಂದುಬಿಡುವ ಸಲೀಸು ಸಮೀಕರಣದಲ್ಲಿ.

ಪೈಥಾನಿನ 'ಫಾರ್' ಲೂಪ್ ಪಟ್ಟಿಯಿಂದ ಒಂದೊಂದೇ ಬೆಲೆಯನ್ನು ಎತ್ತಿಕೊಂಡು ಅದೇ ಆದೇಶಗಳನ್ನು ನಡೆಸುತ್ತದೆ. ಪಟ್ಟಿ ಮುಗಿದರೆ ನಿಲ್ಲುತ್ತದೆ. ಪ್ರಸ್ತಾರದ ನಡೆ ಬೇರೆ. ಕೈಯಲ್ಲಿರುವ ಸಾಲನ್ನು ಎಡದಿಂದ ನೋಡುತ್ತ ಹೋಗಬೇಕು. ತನಗಿಂತ ಕೆಳಗಿನ ಸ್ವರವೊಂದು ಎಡಕ್ಕಿರುವ ಮೊದಲ ಸ್ವರ ಸಿಕ್ಕಲ್ಲಿ, ಅಂಥ ಕೆಳಸ್ವರಗಳಲ್ಲಿ ಸ್ವರಕ್ರಮದಲ್ಲಿ ಅತಿ ಸಮೀಪದ್ದನ್ನು ಅದರಡಿ ಬರೆಯಬೇಕು. ಬಲಭಾಗ ಇದ್ದಂತೆಯೇ ಇಳಿಯುತ್ತದೆ. ಉಳಿದವು ಎಡಕ್ಕೆ ಕ್ರಮವಾಗಿ ಕೂರುತ್ತವೆ. ಮೂರು ಸ್ವರಗಳಿಗೆ ಹೀಗೆ: ಸರಿಗ, ರಿಸಗ, ಸಗರಿ, ಗಸರಿ, ರಿಗಸ, ಗರಿಸ. 'ಗರಿಸ'ದಲ್ಲಿ ಅಂಥ ಸ್ವರ ಸಿಗದು, ಅಲ್ಲಿಗೆ ಮುಗಿಯಿತು. ಇಲ್ಲಿ ಪಟ್ಟಿ ಮೊದಲೇ ಇರುವುದಿಲ್ಲ. ಪ್ರತಿ ಸಾಲೂ ಮುಂದಿನದನ್ನು ಹೆರುತ್ತದೆ.

ಒಂದರೊಳಗೊಂದು 'ಫಾರ್' ಲೂಪ್ ಹೂಡಿಯೂ ಇದೇ ಆರು ಸಾಲುಗಳನ್ನು ಇದೇ ಕ್ರಮದಲ್ಲಿ ಪಡೆಯಬಹುದು, ನಿಜ. ಆದ್ದರಿಂದ ಬರುವ ಕ್ರಮವೊಂದೇ ಸಾಕ್ಷ್ಯವಾಗದು. ಆದರೆ ಹಾಗೆ ಹೂಡಿದರೆ ಏಳು ಸ್ವರಕ್ಕೆ ಏಳು ಲೂಪ್ ಬೇಕು. ಶಾರ್ಙ್ಗದೇವನಿಗೆ ಮೂರಕ್ಕೂ ಏಳಕ್ಕೂ ಒಂದೇ ಸೂತ್ರ. ಮೇಲಾಗಿ ಅವನ ಖಂಡಮೇರು ಎಂಬ ಕೋಷ್ಟಕ ಬೇಕಾದ ಸಾಲಿನ ಸಂಖ್ಯೆಯಿಂದಲೇ ಆ ಸಾಲನ್ನು ತೆಗೆದುಕೊಡುತ್ತದೆ. ಲೂಪ್ ಓಡಿಸುವ ಪ್ರಮೇಯವೇ ಇಲ್ಲ. ಪ್ರಸ್ತಾರವನ್ನು, ಷರತ್ತು ನಿಜವಾಗಿರುವವರೆಗೆ ಓಡುವ 'ವೈಲ್' ಲೂಪ್ ಎನ್ನುವುದಾದರೆ ನನ್ನ ಆಕ್ಷೇಪವಿಲ್ಲ.

ಪಟ್ಟಿಯ ಲೂಪ್ ಬೇಕೆಂದರೆ, ಒಂದೇ ಸ್ವರವಿನ್ಯಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪಲ್ಟಾ ನೋಡಬೇಕು. ಸಾರೇಗ, ರೇಗಮ, ಗಮಪ, ಮಪಧ, ಪಧನಿ, ಧನಿಸಾ: ಆರಂಭದ ಸ್ವರ ಬದಲಾಗುತ್ತದೆ, ಮಾಡುವ ಕೆಲಸ ಅದೇ. ತಾರ ಷಡ್ಜ ಸೇರಿ ಎಂಟು ಸ್ವರ, ಆವರ್ತನೆ ಆರೇ. ಏಳನೆಯದಕ್ಕೆ ಹೋದ ಪ್ರೋಗ್ರಾಮು ಪಟ್ಟಿಯಾಚೆಯ ಸ್ವರ ಕೇಳಿ ದೋಷ ತೋರಿಸೀತು. ಗಾಯಕ ಮಾತ್ರ ನಿಸಾರೇ ಎಂದು ತಾರಕ್ಕೆ ಏರಿಬಿಡುತ್ತಾನೆ! ಅಷ್ಟರಮಟ್ಟಿಗೆ ಈ ಹೋಲಿಕೆಯೂ ಪೂರ್ಣವಲ್ಲ.

ಮಿರಜಿನಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡು ಅಲ್ಲಿಯ ದರ್ಗಾದ ಆವರಣದಲ್ಲೇ ಮಣ್ಣಾದ, ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಗಾಯನದಲ್ಲಿ ಸರಗಮ್‌ಗೆ (ಸ್ವರಾಕ್ಷರಗಳನ್ನೇ ಹಾಡುವುದಕ್ಕೆ) ದೊಡ್ಡ ಸ್ಥಾನವಿತ್ತು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾಯಕಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರವರೆಗೆ ಹರಿಯಿತು. ಖಾನರ ಸರಗಮ್ ಪಲ್ಟಾದ ಬಳುವಳಿಯೇ, ಪ್ರಸ್ತಾರದ್ದೇ ಎಂದು ಧ್ವನಿಮುದ್ರಿಕೆಗಳಿಂದಷ್ಟೇ ತೀರ್ಮಾನಿಸುವುದು ದುಡುಕು. ಮೂರು ನಿಮಿಷ ಚಿಲ್ಲರೆಯ ಆ ತಟ್ಟೆಗಳಲ್ಲಿ ಹಾಡಿಕೆ ಇದೆ, ರಿಯಾಜ್ ಇಲ್ಲ. ಶಿಷ್ಯರ ಪಾಠದ ವಹಿಗಳು ಸಿಕ್ಕರೆ, ಅವುಗಳಲ್ಲಿ ಸ್ವರಸಾಲುಗಳು ಯಾವ ಕ್ರಮದಲ್ಲಿವೆ ಎಂಬುದನ್ನು ಮೊದಲು ಪರೀಕ್ಷಿಸಬೇಕು.