ಫೆಬ್ರವರಿಯ ಬೆಂಕಿ, ಅಟ್ಟದ ತಂತಿ

ಫೆಬ್ರವರಿ ಬಂತು ಅಂದ್ರೆ ನಮ್ಮ ನ್ಯೂಸ್ ರೂಮ್‌ನಲ್ಲಿ ಹಳೇ ಫೈಲುಗಳು ಹೊರಬರುತ್ತವೆ. 1981ರ ಫೆಬ್ರವರಿ 7, ಬೆಂಗಳೂರಿನ ವೀನಸ್ ಸರ್ಕಸ್. 92 ಸಾವು, ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಸೆಟ್. 62 ಸಾವು. 2010ರ ಫೆಬ್ರವರಿ 23, ಬೆಂಗಳೂರಿನ ಕಾರ್ಲ್ಟನ್ ಟವರ್ಸ್. 9 ಸಾವು. ಪ್ರತಿ ವರ್ಷ ನಾವು ಅದೇ ಚಿತ್ರ ತೋರಿಸ್ತೀವಿ, ಅದೇ ಮಾತು ಆಡ್ತೀವಿ, ಮಾರ್ಚ್‌ಗೆ ಮರೀತೀವಿ.

ನಾನೂ ಮರೆಯುತ್ತಿದ್ದೆ. ಮರೆಯದಂತೆ ಮಾಡಿದ್ದು ಕೊಡಗಿನ ಒಂದು ಅಟ್ಟ.

ನಾಪೋಕ್ಲು ಕಡೆ ಒಂದು ಐನ್‌ಮನೆಗೆ ಚಿತ್ರೀಕರಣಕ್ಕೆ ಹೋಗಿದ್ದೆ. ಕೊಡವರಿಗೆ ಐನ್‌ಮನೆ ಅಂದ್ರೆ ಬರೀ ಮನೆ ಅಲ್ಲ, ಇಡೀ ಒಕ್ಕದ ಮೂಲಸ್ಥಾನ. ಕೆತ್ತನೆ ಮಾಡಿದ ಮರದ ಕಂಬಗಳು, ಕೂರೋಕೆ ದಪ್ಪ ಹಲಗೆ, ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ಗುರುಕಾರಣರಿಗೆ ಹಚ್ಚುವ ದೀಪ. ಮನೆಯ ಹಿರಿಯರು ಟಾರ್ಚ್ ಹಿಡಿದು ನನ್ನನ್ನ ಅಟ್ಟಕ್ಕೆ ಹತ್ತಿಸಿದರು. ಒಣಗಿದ ತೊಲೆಗಳು, ಹಳೇ ಚೀಲಗಳು, ಮರದ ಪಟ್ಟಿಯ ಮೇಲೆ ಹೊಡೆದ ಹಳೇ ವೈರಿಂಗ್. ಅಲ್ಲಲ್ಲಿ ಇಲಿ ಕಡಿದ ಗುರುತು.

"ಕೆಳಗಿನ ದೀಪವನ್ನ ನಾವು ದಿನಾ ನೋಡ್ತೇವೆ. ಇಲ್ಲಿ ಹತ್ತಿಕೊಂಡ್ರೆ ಯಾರು ನೋಡ್ತಾರೆ, ನೀವೇ ಹೇಳಿ?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ಇತಿಹಾಸದಲ್ಲಿ ಈ ಪ್ರಶ್ನೆಗೆ ಸಿಕ್ಕ ದೊಡ್ಡ ಉತ್ತರ ಮೈಸೂರಿನದು. ಅದೂ ಫೆಬ್ರವರಿಯೇ, 1897. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಮರದ ಅರಮನೆ ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ಕೈಯಲ್ಲಿ ಹೊಸ ಅರಮನೆ ಎದ್ದಿತು. ಕಲ್ಲು, ಇಟ್ಟಿಗೆ, ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು. 1912ಕ್ಕೆ ಮುಗಿದಾಗ ಖರ್ಚು ಸುಮಾರು 41 ಲಕ್ಷ ರೂಪಾಯಿ. ಪಾಠ ಕಲಿತಿದ್ದು ನಿಜ, ಆದ್ರೆ ಸುಟ್ಟ ಮೇಲೆ. ಮರವನ್ನ ಬಿಟ್ಟು ಕಲ್ಲಿಗೆ ಹೋಗಿ ಕಲಿತ ಪಾಠ ಅದು.

ಕೊಡಗು ಹಾಗೆ ಮಾಡೋಕಾಗಲ್ಲ. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಸೊಗಸು ಇರೋದೇ ಅದರ ಮರದ ಕೆತ್ತನೆಯಲ್ಲಿ. ಐನ್‌ಮನೆಗಳ ಕಥೆಯೂ ಅಷ್ಟೇ. ಮರ ತೆಗೆದರೆ ಉಳಿಯೋದು ಗೋಡೆ, ಐನ್‌ಮನೆ ಅಲ್ಲ. ಹಾಗಾದ್ರೆ ಮರವನ್ನೂ ಉಳಿಸಿಕೊಂಡು ಕಾಯೋದು ಹೇಗೆ?

ಕಾರ್ಲ್ಟನ್ ಟವರ್ಸ್ ಇಲ್ಲಿ ಮತ್ತೆ ನೆನಪಾಗುತ್ತೆ. ಅಲ್ಲಿ ಬೆಂಕಿ ಶುರುವಾಗಿದ್ದು ಯಾರ ಕಣ್ಣಿಗೂ ಬೀಳದ ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ. ಅಂಥ ಜಾಗಕ್ಕೆ, ಸುರಂಗಗಳಿಗೆ, ಕಲ್ಲಿದ್ದಲು ಸಾಗಿಸುವ ಬೆಲ್ಟ್‌ಗಳಿಗೆ ಜಗತ್ತು ಬಳಸುವ ಒಂದು ಸರಳ ವಸ್ತು ಇದೆ: ಲೀನಿಯರ್ ಹೀಟ್ ಡಿಟೆಕ್ಷನ್ ಕೇಬಲ್, ಶಾಖ ಪತ್ತೆ ಮಾಡೋ ತಂತಿ. ಒಂದಕ್ಕೊಂದು ಹೆಣೆದ ಎರಡು ತಂತಿ, ಮಧ್ಯೆ ಶಾಖಕ್ಕೆ ಮೆತ್ತಗಾಗುವ ಹೊದಿಕೆ. ನಿಗದಿತ ಬಿಸಿ ಮುಟ್ಟಿದ ಕೂಡಲೇ ಹೊದಿಕೆ ಬೆಣ್ಣೆ ಹಾಗೆ ಸಡಿಲಾಗಿ ತಂತಿಗಳು ಕೂಡ್ತವೆ, ಅಲಾರಂ ಕೂಗುತ್ತೆ. ಉದ್ದಕ್ಕೂ ಎಲ್ಲಿ ಬಿಸಿಯಾದ್ರೂ ಸರಿ. ಕೆಲವು ಪ್ಯಾನೆಲ್‌ಗಳು ಎಷ್ಟನೇ ಮೀಟರಿನಲ್ಲಿ ಅಂತಲೂ ತೋರಿಸ್ತವೆ.

ಹೊಗೆ ಪತ್ತೆ ಮಾಡೋ ಸಾಧನ ಸಾಲದಾ ಅಂತ ನೀವು ಕೇಳಬಹುದು. ಕೊಡಗಿನ ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತೆ, ಹೊಗೆ ಅಟ್ಟಕ್ಕೇ ಏರುತ್ತೆ. ಮಳೆಗಾಲದಲ್ಲಿ ಮಂಜು ಮನೆಯೊಳಗೇ ಬರುತ್ತೆ. ಆ ಸಾಧನ ದಿನಾ ಸುಳ್ಳೇ ಕೂಗಿದ್ರೆ, ಹತ್ತನೇ ದಿನ ಯಾರಾದ್ರೂ ಅದರ ವೈರ್ ಕಿತ್ತು ಹಾಕ್ತಾರೆ. ತೋಳ ಬಂತು ತೋಳ ಕಥೆ! ಈ ತಂತಿಗೆ ಹೊಗೆ, ಧೂಳು, ತೇವ ಯಾವುದರದ್ದೂ ಲೆಕ್ಕ ಇಲ್ಲ, ಶಾಖ ಒಂದೇ.

ಆದ್ರೆ ಆಯ್ಕೆಯಲ್ಲಿ ಎಡವಬಾರದು. ಸಾಮಾನ್ಯವಾಗಿ 68, 88, 105 ಡಿಗ್ರಿ ಸೆಲ್ಸಿಯಸ್‌ನವು ಸಿಗ್ತವೆ. ಬೇಸಿಗೆಯ ಮಧ್ಯಾಹ್ನ ಹೆಂಚಿನ ಕೆಳಗೆ ಎಷ್ಟು ಬಿಸಿ ಇರುತ್ತೆ ಅಂತ ಮೊದಲು ಅಳೆದು, ಅದಕ್ಕಿಂತ ಸಾಕಷ್ಟು ಮೇಲಿನದ್ದನ್ನ ಹಾಕಬೇಕು. ಒಲೆಯ ನೇರ ಮೇಲಾದ್ರೆ ಇನ್ನೂ ಹೆಚ್ಚಿನದು. ತೊಲೆಗಳ ಉದ್ದಕ್ಕೆ ಕ್ಲಿಪ್ ಹಾಕಿ ಎಳೆಯಬೇಕು, ಜಗ್ಗಬಾರದು, ಬಣ್ಣ ಬಳಿಯಬಾರದು. ಕೊನೆಯಲ್ಲಿ ಒಂದು ರೆಸಿಸ್ಟರ್ ಇರಲೇಬೇಕು. ಇಲಿ ತಂತಿ ತುಂಡು ಮಾಡಿದ್ರೆ ಪ್ಯಾನೆಲ್ಲಿಗೆ ಗೊತ್ತಾಗೋದು ಅದರಿಂದಲೇ. ಕರೆಂಟ್ ಆಗಾಗ ಕೈಕೊಡುವ ನಾಡಿನಲ್ಲಿ ಬ್ಯಾಟರಿಯೂ ಬೇಕು. ಒಮ್ಮೆ ಶಾಖ ತಗುಲಿದ ತುಂಡನ್ನ ಬದಲಿಸಲೇಬೇಕು. ಹಳೇ ವೈರಿಂಗ್? ಅದನ್ನ ಮೊದಲು ತೆಗೆಸಿ. ಕಾವಲುಗಾರನನ್ನ ಇಟ್ಟ ಮಾತ್ರಕ್ಕೆ ಕಳ್ಳನಿಗೆ ಬಾಗಿಲು ತೆರೆದಿಡಬೇಕಿಲ್ಲ.

ಈ ತಂತಿ ಬೆಂಕಿ ಆರಿಸಲ್ಲ. ಕೊಡುವುದು ಕೆಲವೇ ನಿಮಿಷ. ಆದ್ರೆ ಅಗ್ನಿಶಾಮಕ ವಾಹನ ತಿರುವು ದಾರಿ ಹತ್ತಿ ತೋಟದ ನಡುವಿನ ಮನೆಗೆ ಬರಬೇಕಾದ ನಾಡಿನಲ್ಲಿ, ಆ ನಿಮಿಷಗಳಲ್ಲೇ ಮಲಗಿದ ಮಕ್ಕಳು ಅಂಗಳಕ್ಕೆ ಬರ್ತಾರೆ. ಅಕ್ಕಪಕ್ಕದವರು ನೀರು ಹಿಡಿದು ಓಡಿ ಬರ್ತಾರೆ.

ಅಟ್ಟ ಇಳಿದು ಬಂದಾಗ ನೆಲ್ಲಕ್ಕಿಯಲ್ಲಿ ದೀಪ ಹಚ್ಚಿದ್ದರು. ತಲೆಮಾರುಗಳಿಂದ ಆ ಮನೆ ಬೆಂಕಿಯನ್ನ ಪೂಜಿಸಿದೆ, ಕಾದಿದೆ. ಕಣ್ಣಿಗೆ ಕಾಣೋ ಬೆಂಕಿಯನ್ನ ಕಾಯೋದು ನಮಗೆ ಗೊತ್ತು. ಕಾಣದ ಬೆಂಕಿಗೂ ಒಬ್ಬ ಕಾವಲುಗಾರ ಬೇಕಲ್ವಾ? ಮುಂದಿನ ಫೆಬ್ರವರಿಗೆ ನಮ್ಮ ಫೈಲಿಗೆ ಇನ್ನೊಂದು ಹೆಸರು ಸೇರೋ ಮುಂಚೆ, ಒಮ್ಮೆ ಟಾರ್ಚ್ ಹಿಡಿದು ನಿಮ್ಮನೆ ಅಟ್ಟ ಹತ್ತಿ ನೋಡಿ.